ಕಾತ್ರಜದಲ್ಲೊಂದು ಬಿಲ

ಕಾತ್ರಜದ ನಮ್ಮ ವಸತಿ ಸಮುಚ್ಚಯದಲ್ಲಿ ವಿಜಯಪುರ ಸೀಮೆಯ ಕುಟುಂಬವೊಂದಿದೆ. ಕಳೆದ ಚೈತ್ರದಲ್ಲಿ ಆ ಮನೆಯ ಹುಡುಗ ಫೆರೆಟ್ ಒಂದನ್ನು ತಂದು, ಹಕ್ಕಿಯ ಹಳೆಯ ಪಂಜರದಲ್ಲಿ ಕೂಡಿ, ಬಾಲ್ಕನಿಯಲ್ಲಿಟ್ಟಿದ್ದ. ಅದು ಮುಂಗುಸಿಯೆಂದೂ ಅರಣ್ಯ ಇಲಾಖೆಯವರು ಬಂದಾರೆಂದೂ ಅವನ ಅಜ್ಜಿಗೆ ಭಯ. ಭಯ ನಿರಾಧಾರವೇನಲ್ಲ, 1972ರ ವನ್ಯಜೀವಿ ಕಾಯ್ದೆಯಂತೆ ಮುಂಗುಸಿಯನ್ನು ಸಾಕುವುದು ಅಪರಾಧ. ಫೆರೆಟ್ ಮಾತ್ರ ಬೇರೆ ಕುಲದ್ದು, ನಮ್ಮ ನೀರುನಾಯಿ, ತರಕರಡಿಗಳ ದೂರದ ದಾಯಾದಿ. ಹುಡುಗನ ಚಿಂತೆ ಇನ್ನೊಂದು: "ಕಾಕಾ, ದಿನಾ ಮಧ್ಯಾಹ್ನ ಇದು ಸಪ್ಪಗಾಗಿ ಬಿದ್ದಿರ್ತದ. ಇದಕ್ಕ ಎಂಥಾ ಮನಿ ಬೇಕ್ರಿ?"

ನಾನು ಇತಿಹಾಸ ಓದಿದವನು, ಪಶುವೈದ್ಯನಲ್ಲ. ಆದರೂ ಈ ಪ್ರಶ್ನೆಯನ್ನು ಪುಣೆ ನಗರ ಬಹಳ ತಡವಾಗಿ ಕೇಳಿಕೊಂಡಿತೆಂಬುದು ಆಗ ನೆನಪಾಯಿತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸವಾಯಿ ಮಾಧವರಾವ್ ಪೇಶ್ವೆಯ ಪ್ರಾಣಿಸಂಗ್ರಹ ಪುಣೆಯಲ್ಲಿತ್ತು. ಅಲ್ಲಿದ್ದ ಖಡ್ಗಮೃಗವನ್ನು ಗಂಗಾರಾಮ ತಾಂಬಟನೆಂಬ ಸ್ಥಳೀಯ ಕಲಾವಿದ 1790ರಲ್ಲಿ ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್‌ನಿಗಾಗಿ ಚಿತ್ರಿಸಿದ. ದೊರೆಯ ವೈಭವಕ್ಕೆ ಸಾಕ್ಷಿಯಾಗಬೇಕಾದ ಮೃಗ ಎಲ್ಲರ ಕಣ್ಣಿಗೂ ಬೀಳಬೇಕು. ಅದಕ್ಕೆ ಮರೆ ಬೇಕೇ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. 1953ರಲ್ಲಿ ಪರ್ವತಿ ಬೆಟ್ಟದ ತಪ್ಪಲಲ್ಲಿ ನಗರಸಭೆ ಪೇಶ್ವೆ ಉದ್ಯಾನವನ್ನು ತೆರೆದಾಗ ದೊರೆಯ ಸ್ಥಾನಕ್ಕೆ ನಾಗರಿಕ ಬಂದ. ನೋಟದ ಹಕ್ಕು ಕೈ ಬದಲಾಯಿಸಿತು, ಅಷ್ಟೆ.

ಬೇರೆಡೆ ಗಾಳಿ ಬದಲಾಗಿತ್ತು. ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಹ್ಯಾಂಬುರ್ಗ್ ಸಮೀಪ ಸರಳುಗಳ ಬದಲು ಕಂದಕಗಳಿದ್ದ ಮೃಗಾಲಯವನ್ನು ತೆರೆದಿದ್ದ. ಭಾರತದಲ್ಲಿ 1992ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ರೂಪುಗೊಂಡ ಮೇಲೆ ಪ್ರಾಣಿಯ ವಸತಿ ನಿಯಮಗಳ ವಿಷಯವಾಯಿತು. ಕಾತ್ರಜದಲ್ಲಿ 1986ರಲ್ಲೇ ನೀಲಿಮ್‌ಕುಮಾರ ಖೈರೆಯವರ ಸರ್ಪೋದ್ಯಾನ ಆರಂಭವಾಗಿತ್ತು. ಪೇಶ್ವೆಕಾಲದ ಕೆರೆಯನ್ನು ಒಳಗೊಂಡ ಸುಮಾರು 130 ಎಕರೆಯಲ್ಲಿ 1999ರಲ್ಲಿ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯ ತೆರೆಯಿತು. ಪೇಶ್ವೆ ಉದ್ಯಾನದ ಮೃಗಗಳು ಕ್ರಮೇಣ ಇಲ್ಲಿಗೆ ಬಂದವು. ಹುಲಿ ಕಾಣಲಿಲ್ಲವೆಂದು ಗೊಣಗುತ್ತ ಹೊರಬರುವವರನ್ನು ಅಲ್ಲಿ ಕಂಡಿದ್ದೇನೆ. ಅಡಗಲು ಹುಲಿಗೆ ಜಾಗ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ಫೆರೆಟ್‌ನ ಚರಿತ್ರೆಯಾದರೋ ಬಿಲದೊಳಗಿನ ಚರಿತ್ರೆ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯಿಂದ ಮನುಷ್ಯ ಇದನ್ನು ಪಳಗಿಸಿದ್ದು ಎರಡು ಸಾವಿರ ವರ್ಷಗಳಿಗೂ ಹಿಂದೆ ಎನ್ನುತ್ತಾರೆ. ಬಾಯಿಗೆ ಕುಕ್ಕೆ ಕಟ್ಟಿದ ಇಂಥದೊಂದು ಪ್ರಾಣಿಯನ್ನು ಮೊಲದ ಬಿಲಗಳಿಗೆ ನುಗ್ಗಿಸುತ್ತಿದ್ದ ಬಗೆಯನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ದಾಖಲಿಸಿದ್ದಾನೆ. ಆ ನೀಳ, ಬಳುಕುವ ಮೈ ಆ ಕಸುಬಿಗೆ ಹೇಳಿ ಮಾಡಿಸಿದ್ದು. ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಆದುದರಿಂದ ಪಂಜರದ ಸರಳುಗಳ ನಡುವೆ ಒಂದಂಗುಲವೂ ಹೆಚ್ಚೇ. ತಂತಿಯ ನೆಲ ಅಂಗಾಲನ್ನು ನೋಯಿಸುತ್ತದೆ, ಗಟ್ಟಿ ಹಾಸು ಬೇಕು. ಗಾಜಿನ ತೊಟ್ಟಿಯಲ್ಲಿ ಗಾಳಿಯಾಡದು. ದಿನಕ್ಕೆ 14ರಿಂದ 18 ಗಂಟೆ ನಿದ್ರಿಸುವ ಈ ಜೀವಿಗೆ ಕತ್ತಲೆಯ ಮೂಲೆಯೇ ಮನೆಯ ಮುಖ್ಯ ಭಾಗ. ಎಚ್ಚರಗೊಂಡಾಗ ಪಂಜರದಾಚೆ ಕೆಲವು ಗಂಟೆಗಳ ಓಡಾಟವೂ ಬೇಕು.

ಎಲ್ಲಕ್ಕಿಂತ ಮಿಗಿಲಾದದ್ದು ಸೆಕೆಯ ಪ್ರಶ್ನೆ. ಬೆವರಿ ಮೈ ತಂಪಾಗಿಸಿಕೊಳ್ಳಲು ಬಾರದ ಫೆರೆಟ್‌ಗೆ 30 ಡಿಗ್ರಿ ದಾಟಿದರೆ ಜೀವಾಪಾಯ. ಪುಣೆಯ ಬೇಸಿಗೆ 40ನ್ನು ಮುಟ್ಟುತ್ತದೆ. ಹುಡುಗನ ಬಾಲ್ಕನಿ ಪಡುವಣಕ್ಕೆ ಮುಖಮಾಡಿತ್ತು.

ಆ ಸಂಜೆಯೇ ಪಂಜರ ಒಳಗೆ ಬಂತು. ವಾರದೊಳಗೆ ಎರಡಂತಸ್ತಿನ ಹೊಸ ಗೂಡು ಒಳಕೋಣೆಯ ತಂಪಿನಲ್ಲಿ ನಿಂತಿತು. ಹಗಲೆಲ್ಲ ಅಲ್ಲಿ ಕೂಲರ್ ಓಡುತ್ತಿತ್ತು. ಅಜ್ಜಿ ತಮ್ಮ ಹಳೆಯ ಕೌದಿಯೊಂದನ್ನು ಕತ್ತರಿಸಿ, ಚೀಲದಂತೆ ಹೊಲಿದು ಅದರೊಳಗೆ ತೂಗುಹಾಕಿದರು. ಈಗ ಆ ಪ್ರಾಣಿಯನ್ನು ನೋಡಲೆಂದು ಹೋದವರಿಗೆ ಕಾಣುವುದು ಕೌದಿಯೇ. ತುಸು ಅಲ್ಲಾಡಿಸು ಎಂದು ಕೇಳಿದರೆ ಹುಡುಗ ಒಪ್ಪುವುದಿಲ್ಲ. "ಮಲಗೇತ್ರಿ, ಸಂಜೀಕ ಬರ್ರಿ" ಎನ್ನುತ್ತಾನೆ.