ಗೋಧಿ ಬೆಳೆಯದ ಊರಿನ ಬಿಸ್ಕತ್ತು

ಇಲ್ಲಿ ಏನೂ ಬರೆಯದೆ ಮೂರು ತಿಂಗಳಾಯ್ತು. ಆಫೀಸಿನ ರಿಲೀಸು, ಅದರ ಬೆನ್ನಿಗೇ ಬಂದ ಬಗ್ಗುಗಳು... ನೆಪಗಳಿಗೇನು ಬರ! ಕಳೆದ ವಾರ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಹಿರಿಯಡ್ಕ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಮಣಿಪಾಲ, ಪರ್ಕಳ, ಆತ್ರಾಡಿ ದಾಟಿದರೆ ಸಿಗುತ್ತದೆ. ಅಕ್ಕನೂ ಮಗನ ಜೊತೆ ಬೆಂಗಳೂರಿನಿಂದ ಬಂದಿದ್ದಳು. ಈ ಬರಹಕ್ಕೆ ಕಾರಣ ಆ ಏಳು ವರ್ಷದ ಪೋರ.

ಅವನಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ದೇಹ ತನ್ನ ಸಣ್ಣ ಕರುಳಿನ ಮೇಲೆ ತಾನೇ ಯುದ್ಧ ಸಾರುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಗೊತ್ತಾಗುವ ಮೊದಲು ಅವನು ಒಂದು ವರ್ಷ ಕಬ್ಬಿಣದ ಟಾನಿಕ್ ಕುಡಿದ. "ಮಗು ಸಣ್ಣ, ಊಟ ಸರಿ ಮಾಡಲ್ಲ" ಅಂತ ಎಲ್ಲರೂ ಅಕ್ಕನಿಗೇ ಬೈದರು. "ನಮ್ಮ ಕಡೆಯವರಿಗೆ ಅದೆಲ್ಲ ಬರುವುದಿಲ್ಲ" ಅಂತ ಧೈರ್ಯ ಹೇಳಿದವರೂ ಇದ್ದರು. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಿ ಹೆಸರು ಸಿಕ್ಕಿತು. ಔಷಧಿ ಇಲ್ಲ. ಜೀವನಪೂರ್ತಿ ಗೋಧಿ ಬಿಡಬೇಕು, ಅಷ್ಟೇ.

ನಾನು ಹೋದ ದಿನ ಪಕ್ಕದ ಮನೆಯಲ್ಲಿ ಹುಟ್ಟುಹಬ್ಬ. ಮಕ್ಕಳೆಲ್ಲ ಕೇಕು, ಬಿಸ್ಕತ್ತು ತಿನ್ನುತ್ತಿದ್ದರೆ ಇವನು ಬಾಳೆಹಣ್ಣು ಹಿಡಿದು ಮೂಲೆಯಲ್ಲಿ ಕೂತಿದ್ದ. ಕೇಕು ಬೇಕು ಅಂತ ಹಟ ಮಾಡಲಿಲ್ಲ. ಹಟ ಮಾಡಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲವೇನೋ.

ಮರುದಿನ ಮಣಿಪಾಲಕ್ಕೆ ಹೋಗಿ ಒಂದು ಪ್ಯಾಕೆಟ್ ತೆಂಗಿನ ಹಿಟ್ಟು ತಂದೆ. ಮನೆ ಹಿಂದೆಯೇ ತೆಂಗಿನ ತೋಟ ಇಟ್ಟುಕೊಂಡು ತೆಂಗಿನ ಹಿಟ್ಟನ್ನು ದುಡ್ಡು ಕೊಟ್ಟು ತರುವುದು! ಇಂಜಿನಿಯರ್ ಬುದ್ಧಿ ನೋಡಿ, ಮೈದಾ ಇರುವಲ್ಲೆಲ್ಲ ತೆಂಗಿನ ಹಿಟ್ಟು ಅಂತ 'ಫೈಂಡ್ ಅಂಡ್ ರಿಪ್ಲೇಸ್' ಮಾಡಿದೆ. ಓವನ್ನಿನಿಂದ ಹೊರಬಂದದ್ದು ಏಪ್ರಿಲ್ ತಿಂಗಳ ಗದ್ದೆ. ಬಿರುಕು ಬಿಟ್ಟು, ಮುಟ್ಟಿದರೆ ಪುಡಿಪುಡಿ. ಅಮ್ಮ ಬಂದು ಪ್ಯಾಕೆಟ್ ಮೂಸಿ ನೋಡಿದರು. (ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಎಂತ ಮಾರಾಯ, ಇದು ಕಾಯಿಹಾಲು ಹಿಂಡಿ ಉಳಿದ ಚರಟ ಅಲ್ವಾ? ನಾವು ದನದ ಅಕ್ಕಚ್ಚಿಗೆ ಹಾಕುತ್ತಿದ್ದದ್ದು."

ಆ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. ದನಕ್ಕೆ ಹಾಕುತ್ತಿದ್ದದ್ದು ಅಂಗಡಿಯ ಶೆಲ್ಫಿಗೆ ಹೇಗೆ ಬಂತು? ಗೋಧಿಯೇ ಬೆಳೆಯದ ನಮ್ಮೂರಿನ ಮಗುವಿಗೆ ಗೋಧಿಯ ಕಾಯಿಲೆ ಹೇಗೆ ಬಂತು? ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಗೋಧಿಯ ಕಥೆ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಗೋಧಿಗೆ ಬೇಕಾದ ಒಣ ಚಳಿಗಾಲ ಇಲ್ಲವೇ ಇಲ್ಲ. ಹಾಗಾಗಿ ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆದರೂ ಮೂರೂ ಭತ್ತವೇ. 1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಪುಟಗಟ್ಟಲೆ ಬರೆದದ್ದೂ ಭತ್ತ, ತೆಂಗು, ಅಡಿಕೆಯ ಬಗ್ಗೆಯೇ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಮೂಡೆ, ಪುಂಡಿ, ಒತ್ತುಶಾವಿಗೆ, ಪತ್ರೊಡೆ... ಯಾವುದಕ್ಕೂ ಗೋಧಿ ಬೇಡ. ಇದು ಹಿರಿಯರ ದೂರದೃಷ್ಟಿ ಅಂತ ಹೇಳಿಕೊಳ್ಳಲು ನನಗೂ ಆಸೆ. ಆದರೆ ನಿಜ ಹೇಳಬೇಕೆಂದರೆ ಅದು ಮಳೆಯ ತೀರ್ಮಾನ, ನಮ್ಮದಲ್ಲ.

ಗೋಧಿ ನಮ್ಮ ಕರಾವಳಿಗೆ ನೆಂಟನ ಹಾಗೆ ಬಂದು ಮನೆಯವನಾಗಿ ಉಳಿಯಿತು. ಪೋರ್ಚುಗೀಸರು ಗೋವಾಕ್ಕೆ ಬ್ರೆಡ್ಡು ತಂದರು. ಹಿಟ್ಟು ಉಬ್ಬಿಸಲು ಯೀಸ್ಟ್ ಇಲ್ಲದಾಗ ತೆಂಗಿನ ಮರದ ಕಳ್ಳು ಹಾಕಿದರು. ಗೋಧಿಗೂ ತೆಂಗಿಗೂ ಈ ಕಡೆ ಶುರುವಾದ ನೆಂಟಸ್ತಿಕೆ ಅದು. ಗೋವಾದ ಬೊಲಿನ್ಹಾಸ್ ಎಂಬ ತೆಂಗಿನ ಬಿಸ್ಕತ್ತು ಇವತ್ತಿಗೂ ಪ್ರಸಿದ್ಧ, ಆದರೆ ಅದರಲ್ಲೂ ತೆಂಗಿನ ಜೊತೆ ರವೆ ಇರುತ್ತದೆ. ಕೆಳಗೆ ತಲಶ್ಶೇರಿಯಲ್ಲಿ 1880ರಲ್ಲಿ ಮಾಂಬಳ್ಳಿ ಬಾಪು ಬಿಸ್ಕತ್ತು ಕಾರ್ಖಾನೆ ತೆರೆದರು. ಬೆಂಗಳೂರಿನಲ್ಲಿ ಹಾಸನದ ಕಡೆಯವರ ಅಯ್ಯಂಗಾರ್ ಬೇಕರಿಗಳು ಬಂದವು. ಅಲ್ಲಿನ ದಿಲ್‌ಪಸಂದ್ ನೆನಪಿಸಿಕೊಳ್ಳಿ, ಒಳಗೆ ತೆಂಗು, ಹೊರಗೆ ಮೈದಾ.

ನಮ್ಮವರೇನೂ ಕಡಿಮೆಯಿಲ್ಲ. ನಮ್ಮ ಜಿಲ್ಲೆಯ ಪಾರಂಪಳ್ಳಿಯಿಂದ ಹೋದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲ್ಲೇ ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಅಂತ ಆ ಹೋಟೆಲಿನವರು ಹೇಳುತ್ತಾರೆ. ಆಮೇಲೆ 1956ರಲ್ಲಿ ಅಮೆರಿಕದ ಜೊತೆ ಪಿಎಲ್ 480 ಒಪ್ಪಂದ ಆಯಿತು. 1965ರಿಂದ ಎರಡು ವರ್ಷ ಮಳೆ ಕೈಕೊಟ್ಟಾಗ ಹಡಗುಗಟ್ಟಲೆ ಗೋಧಿ ಬಂತು, ರೇಷನ್ ಅಂಗಡಿಗಳಿಗೆ ಇಳಿಯಿತು. ಅಮ್ಮನಿಗೆ ಶಾಲೆಯ ಗೋಧಿ ಸಜ್ಜಿಗೆ ಉಪ್ಪಿಟ್ಟಿನ ವಾಸನೆ ಇನ್ನೂ ನೆನಪಿದೆಯಂತೆ. ಇವತ್ತು 'ಕರಾವಳಿ ಸ್ಪೆಷಲ್' ಅಂತ ನಾವು ಸ್ನೇಹಿತರಿಗೆ ತಿನ್ನಿಸುವ ಗೋಳಿಬಜೆ, ಬನ್ಸ್ ಎರಡೂ ಮೈದಾದವು!

ಇನ್ನು ಕಾಯಿಲೆಯ ಕಥೆ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಇದರ ಲಕ್ಷಣಗಳನ್ನು ವಿವರಿಸಿ, ವಾಸಿಯಾಗುವುದಿದ್ದರೆ ಅದು ಊಟದಿಂದಲೇ ಅಂದಿದ್ದರು. ಯಾವ ಊಟ ಅಂತ ಅವರಿಗೂ ಗೊತ್ತಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಮಾಡಿಸಿದರು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣಿನಲ್ಲೇ ಏನೋ ಮಹಿಮೆ ಇದೆ ಅಂದುಕೊಂಡರು. ನಿಜವಾಗಿ ಕೆಲಸ ಮಾಡಿದ್ದು ತಟ್ಟೆಯಲ್ಲಿ ಇದ್ದ ಬಾಳೆಹಣ್ಣಲ್ಲ, ಇಲ್ಲದ ಬ್ರೆಡ್ಡು.

ಅದನ್ನು ಪತ್ತೆ ಹಚ್ಚಿದವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ 1930ರ ದಶಕದಿಂದಲೇ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಆ ದೇಶದಲ್ಲಿ ಭೀಕರ ಹಸಿವು, ಬ್ರೆಡ್ಡೇ ಸಿಗುತ್ತಿರಲಿಲ್ಲ. ಊರಿಗೆ ಊರೇ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು. ಬ್ರೆಡ್ಡು ಮರಳಿ ಬಂದಾಗ ಕಾಯಿಲೆಯೂ ಮರಳಿತು. ಡಿಕೆ 1950ರಲ್ಲಿ ಇದನ್ನೇ ತಮ್ಮ ಪ್ರಬಂಧದಲ್ಲಿ ಮಂಡಿಸಿದರು.

"ನಮ್ಮ ಕಡೆಯವರಿಗೆ ಬರುವುದಿಲ್ಲ" ಎಂಬ ಮಾತಿಗೂ ಉತ್ತರ ಸಿಕ್ಕಿತು. ಭಾರತದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳ 23,331 ವಯಸ್ಕರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರಲ್ಲಿದ್ದರೆ ದಕ್ಷಿಣದಲ್ಲಿ ಕೇವಲ ಶೇ. 0.10. ಆದರೆ ಕಾಯಿಲೆಗೆ ದಾರಿ ಮಾಡುವ ಜೀನುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು, ಸುಮಾರು ಮೂವರಲ್ಲಿ ಒಬ್ಬರಿಗೆ. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಅಂದರೆ ಕೋಡ್ ನಮ್ಮೊಳಗೂ ಮೊದಲಿನಿಂದ ಇತ್ತು, ಇನ್‌ಪುಟ್ ಬಂದಿರಲಿಲ್ಲ ಅಷ್ಟೇ. ಜೀನು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬಹುಪಾಲು ಜನರಿಗೆ ಗೋಧಿ ಏನೂ ಮಾಡುವುದಿಲ್ಲ. ಆದರೆ ನಮ್ಮ ಮನೆಯ ಮಗುವಿಗೆ ಬಂತಲ್ಲ.

ಸರಿ, ತೆಂಗಿನ ಹಿಟ್ಟು ಎಲ್ಲಿಂದ ಬಂತು? ಕೊಬ್ಬರಿಯನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆದು ಹಿಂಡಿಯನ್ನು ದನಕ್ಕೆ ಹಾಕುವುದು ನಮಗೆ ಗೊತ್ತಿದ್ದ ದಾರಿ. ಆ ಕಂದು ಹಿಂಡಿ ಮನುಷ್ಯರ ಬಾಯಿಗೆ ಹಿತವಲ್ಲ. ಬಿಳಿ ತಿರುಳನ್ನೇ ಒಣಗಿಸಿ ಮಾರುವ ಉದ್ಯಮ ಬೆಳೆದದ್ದು 19ನೇ ಶತಮಾನದ ಕೊನೆಯಲ್ಲಿ, ಸಿಲೋನಿನಲ್ಲಿ. ಅದೇ ಹೊತ್ತಿಗೆ ಅಮೆರಿಕದಲ್ಲೊಂದು ಮಜಾ ನಡೆಯಿತು. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಬೇಕರ್ ಗೋಧಿ ಹಿಟ್ಟಿನ ವ್ಯಾಪಾರಿ. 1890ರ ದಶಕದಲ್ಲಿ ಕ್ಯೂಬಾಕ್ಕೆ ಕಳಿಸಿದ ಹಿಟ್ಟಿಗೆ ದುಡ್ಡಿನ ಬದಲು ಹಡಗಿನ ತುಂಬ ತೆಂಗಿನಕಾಯಿ ಬಂತು. ಮಾರಲಾಗದೆ ಕೊನೆಗೆ ತುರಿದು ಒಣಗಿಸುವ ಯಂತ್ರ ಹೊಂದಿಸಿ ಅದನ್ನೇ ಕಸುಬು ಮಾಡಿಕೊಂಡ. ಗೋಧಿ ಕೊಟ್ಟು ತೆಂಗು ಪಡೆದವನು! ನಾನೂ ಈಗ ಮಾಡಬೇಕಾದದ್ದು ಅದನ್ನೇ.

ನಮ್ಮಲ್ಲೂ ತೆಂಗಿನ ಸಂಶೋಧನೆ ಹಳೆಯದು. ಆಗ ನಮ್ಮ ಸೌತ್ ಕೆನರಾ ಜಿಲ್ಲೆಯಲ್ಲೇ ಇದ್ದ ಕಾಸರಗೋಡಿನಲ್ಲಿ 1916ರಲ್ಲಿ ಮದ್ರಾಸ್ ಸರ್ಕಾರ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು. 1970ರಲ್ಲಿ ಅದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. ಹಸಿ ಕಾಯಿಯ ಹಾಲಿನಿಂದ ತೆಗೆಯುವ 'ವರ್ಜಿನ್' ಎಣ್ಣೆಗೆ ಬೇಡಿಕೆ ಬಂದ ಮೇಲೆ ಒಂದು ಪ್ರಶ್ನೆ ಎದ್ದಿತು. ಹಿಂಡಿ ಉಳಿದ ಬಿಳಿ ಚರಟವನ್ನು ಏನು ಮಾಡುವುದು? ಒಣಗಿಸಿ ಪುಡಿ ಮಾಡಿದರೆ ಅದೇ ತೆಂಗಿನ ಹಿಟ್ಟು. ಹಾಗಾಗಿ ಅಮ್ಮ ಹೇಳಿದ್ದು ಅಕ್ಷರಶಃ ಸರಿ. ಇದು ನಮ್ಮ ಪರಂಪರೆಯ ತಿನಿಸಲ್ಲ. ನಮ್ಮ ಅಜ್ಜಿಯರು ಯಾರೂ ಬಿಸ್ಕತ್ತು ಮಾಡಿರಲಿಲ್ಲ.

ಹಾಗಂತ "ನಮ್ಮ ಊಟವೆಲ್ಲ ಗ್ಲುಟೆನ್ ಇಲ್ಲದ್ದೇ, ಊರಲ್ಲಿ ಹೆದರಿಕೆ ಇಲ್ಲ" ಅಂತ ನಾನು ಅಕ್ಕನಿಗೆ ಜಂಭದಿಂದ ಹೇಳಿದ್ದೆ. ಅಕ್ಕ ಏನೂ ಮಾತಾಡದೆ ಇಂಗಿನ ಡಬ್ಬಿ ತಂದು ಕೈಗಿಟ್ಟಳು. ಸಣ್ಣ ಅಕ್ಷರ ಓದಿದೆ. ಗೋಧಿ ಹಿಟ್ಟು! ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಶುದ್ಧ ಇಂಗು ಸ್ವಲ್ಪ, ಉಳಿದದ್ದು ಹೆಚ್ಚಾಗಿ ಗೋಂದು ಮತ್ತು ಹಿಟ್ಟು. ನಮ್ಮ ಸಾರು, ಸಾಂಬಾರು, ಉಪ್ಪಿನಕಾಯಿ ಎಲ್ಲದರಲ್ಲೂ ಅದು ಇದೆ. ಅಕ್ಕಿಹಿಟ್ಟು ಗಿರಣಿಯದ್ದಾದರೆ ಹಿಂದಿನ ಗಿರಾಕಿಯ ಗೋಧಿ ಅದರೊಳಗೆ ಬರುತ್ತದೆ. ಗ್ಲುಟೆನ್ ಫ್ರೀ ಅನ್ನಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ದಾಟಬಾರದು, ಅಂದಮೇಲೆ ನೀವೇ ಲೆಕ್ಕ ಹಾಕಿ. ಹಿರಿಮೆ ನೆಚ್ಚಿಕೊಂಡು ಮಗುವಿಗೆ ಬಡಿಸುವಂತಿಲ್ಲ, ಲೇಬಲ್ ಓದಬೇಕು.

ಎರಡನೇ ಪ್ರಯತ್ನ ಅಮ್ಮನ ಯಜಮಾನಿಕೆಯಲ್ಲಿ ನಡೆಯಿತು. ಅಕ್ಕಿ ತೊಳೆದು ಒಣಗಿಸಿ, ಇದಕ್ಕೇ ಅಂತ ತಂದ ಹೊಸ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಿದೆವು. ತೆಂಗಿನ ಹಿಟ್ಟು ಪೂರ್ತಿ ನಾರು, ನೀರು ಕುಡಿಯುವುದರಲ್ಲಿ ಕುಂಭಕರ್ಣ, ಹಿಡಿದಿಡುವ ಅಂಟು ಅದಕ್ಕಿಲ್ಲ. ಅಂಟಿಗೆ ಅಮ್ಮ ಬಾಳೆಹಣ್ಣು ಹಾಕಿದರು, ಬನ್ಸಿಗೆ ಹಾಕುವ ಹಾಗೆ. ತೆಂಗಿನ ಹಿಟ್ಟು 100 ಗ್ರಾಂ, ಅಕ್ಕಿಹಿಟ್ಟು 100 ಗ್ರಾಂ, ತುಪ್ಪ 100 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಒಂದು ಕಳಿತ ಬಾಳೆಹಣ್ಣು, ಏಲಕ್ಕಿ, ಚಿಟಿಕೆ ಉಪ್ಪು. ಉಂಡೆ ಕಟ್ಟಲು ಬರುವಷ್ಟು ಕಾಯಿಹಾಲು. ಕಲಸಿ ಕಾಲು ಗಂಟೆ ಬಿಡಬೇಕು, ಹಿಟ್ಟು ಕುಡಿಯುವಷ್ಟು ಕುಡಿದ ಮೇಲೆ ಮತ್ತೆ ಸ್ವಲ್ಪ ಹಾಲು ಬೇಕಾಗುತ್ತದೆ. ಓವನ್ನಿನಲ್ಲಿ ಇದು ತಾನಾಗಿ ಹರಡುವುದಿಲ್ಲ, ಕೈಯಲ್ಲೇ ತಟ್ಟಿ ಚಪ್ಪಟೆ ಮಾಡಬೇಕು. 160 ಡಿಗ್ರಿಯಲ್ಲಿ ಸುಮಾರು 20 ನಿಮಿಷ. ಪೂರ್ತಿ ಆರುವವರೆಗೆ ಮುಟ್ಟಬೇಡಿ, ಮುರಿಯುತ್ತದೆ.

ಬೇಕರಿ ಬಿಸ್ಕತ್ತಿನ ಹಾಗೆ ಆಯಿತು ಅಂದರೆ ಸುಳ್ಳು. ಸ್ವಲ್ಪ ಬಿರುಸು, ಸ್ವಲ್ಪ ಮೆದು. ಪೋರ ಒಂದು ತಿಂದ, ಎರಡು ತಿಂದ, ಆಮೇಲೆ ಡಬ್ಬಿ ಎತ್ತಿಕೊಂಡು ಪಕ್ಕದ ಮನೆಗೆ ಓಡಿದ. ಗೇಟಿನ ಹತ್ತಿರ ಅವನ ದನಿ ಕೇಳಿಸಿತು: "ಇದು ನಂದು. ನೀವೂ ತಿನ್ಬಹುದು."

ಅಕ್ಕ ಒಳಗೆ ಹೋದಳು. ಅಮ್ಮ ಉಳಿದ ಚೂರುಗಳನ್ನು ಒಟ್ಟುಮಾಡುತ್ತಾ, "ಈಗ ದನಕ್ಕೆ ಎಂತ ಹಾಕುದು?" ಅಂದರು. ದನ ಮಾರಿ ಎಂಟು ವರ್ಷ ಆಯಿತು :-)

ನಿಮ್ಮ ಮನೆಯ ಹಿರಿಯರಿಗೆ ಮೊದಲ ಸಲ ಚಪಾತಿಯೋ ಬಿಸ್ಕತ್ತೋ ತಿಂದ ನೆನಪಿದ್ದರೆ ಕೇಳಿ ತಿಳಿಸಿ. ಮತ್ತೆ, ಎಷ್ಟು ತಿಂದರೂ ಮೈಗೆ ಹತ್ತದ ಮಗು ಯಾರ ಮನೆಯಲ್ಲಾದರೂ ಇದ್ದರೆ, ತಾಯಿಗೆ ಬೈಯುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಲು ಹೇಳಿ.