ತಾಯಂದಿರ ಮಾತಿಗೆ ಕಿವಿಗೊಟ್ಟ ವೈದ್ಯ

ಮಗುವಿನ ಮೈಮೇಲೆ ಕೆಂಪು ದದ್ದು ಕಂಡರೆ 'ಅಮ್ಮ ಬಂದಿದ್ದಾಳೆ' ಎಂದು ಬೇವಿನ ಸೊಪ್ಪು ತಂದಿಡುವುದು ನಮ್ಮ ಹಿರಿಯರ ರೂಢಿ. ದಡಾರವನ್ನು ಹೋಲುವ, ಆದರೆ ಅದಕ್ಕಿಂತ ಸೌಮ್ಯವಾದ ಇನ್ನೊಂದು ಬೇನೆಯುಂಟು. ಅದೇ ರುಬೆಲ್ಲಾ, ಜರ್ಮನ್ ದಡಾರವೆಂದೂ ಹೆಸರು. ಸಣ್ಣ ಜ್ವರ, ಕಿವಿಯ ಹಿಂದೆ ಗಂಟು, ಮೂರು ದಿನದ ದದ್ದು, ಅಷ್ಟೆ. 1941ರವರೆಗೆ ವೈದ್ಯರೂ ಇದನ್ನು ಲೆಕ್ಕಕ್ಕೆ ಹಿಡಿದವರಲ್ಲ.

ಆ ವರ್ಷ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ನೇತ್ರವೈದ್ಯರ ಬಳಿಗೆ ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ವಂಶದಲ್ಲಿ ಯಾರಿಗೂ ಈ ದೋಷವಿಲ್ಲ. ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಸರದಿ ಕಾಯುತ್ತಿದ್ದ ತಾಯಂದಿರು, ಬಸುರಿಯಾಗಿದ್ದಾಗ ತಮಗೆ ಜರ್ಮನ್ ದಡಾರ ಬಂದಿತ್ತೆಂದು ಮಾತಾಡಿಕೊಂಡದ್ದು ಗ್ರೆಗ್ಗರ ಕಿವಿಗೆ ಬಿತ್ತೆಂದು ಹೇಳುತ್ತಾರೆ. ಹೆಂಗಸರ ಹರಟೆಯೆಂದು ಅವರು ಬಿಟ್ಟುಬಿಡಲಿಲ್ಲ. ಇತರ ವೈದ್ಯರನ್ನೂ ವಿಚಾರಿಸಿ 78 ಕೂಸುಗಳ ವಿವರ ಕಲೆಹಾಕಿದರು. ಅವುಗಳಲ್ಲಿ 68 ಕೂಸುಗಳ ತಾಯಂದಿರಿಗೆ ಗರ್ಭಿಣಿಯಾಗಿದ್ದಾಗ ಆ ಬೇನೆ ಬಂದುಹೋಗಿತ್ತು. ಹಲವು ಕೂಸುಗಳಿಗೆ ಹೃದಯದ ದೋಷವೂ ಇತ್ತು. ಮುಂದೆ ಕಿವುಡುತನವೂ ಈ ಪಟ್ಟಿಗೆ ಸೇರಿತು.

ಗ್ರೆಗ್ 1941ರ ಅಕ್ಟೋಬರಿನಲ್ಲಿ ಮೆಲ್ಬೋರ್ನಿನಲ್ಲಿ ಈ ವಿಷಯ ಮಂಡಿಸಿದರು. ಎಲ್ಲರೂ ಒಪ್ಪಲಿಲ್ಲ. 1944ರಲ್ಲಿ ಲಂಡನ್ನಿನ 'ಲಾನ್ಸೆಟ್' ಪತ್ರಿಕೆ ಇದಕ್ಕೆ ಪುರಾವೆ ಸಾಲದೆಂದಿತು. ಆ ಪುರಾವೆ ಸಿಕ್ಕಿದ್ದು, ನನ್ನಂಥ ಗುಮಾಸ್ತನಿಗೆ ಸಂತೋಷವಾಗುವಂತೆ, ಹಳೆಯ ಸರಕಾರಿ ದಫ್ತರಗಳಲ್ಲಿ! ಆಲಿವರ್ ಲ್ಯಾಂಕಾಸ್ಟರ್ ಎಂಬ ಸಂಖ್ಯಾಶಾಸ್ತ್ರಜ್ಞರು ಜನಗಣತಿಯ ಪುಟಗಳನ್ನು ತಿರುವಿದರು. 1911ರ ಗಣತಿಯಲ್ಲಿ 10ರಿಂದ 14 ವಯಸ್ಸಿನವರಲ್ಲಿ ಕಿವುಡರು ಅಸಹಜವಾಗಿ ಹೆಚ್ಚು. 1921ರಲ್ಲಿ ಅದೇ ಏರಿಕೆ 20ರಿಂದ 24ರವರಲ್ಲಿ. ಅಂದರೆ ಅವರೆಲ್ಲ 1899ರ ಆಸುಪಾಸಿನಲ್ಲಿ ಹುಟ್ಟಿದವರು. ಆಗ ರುಬೆಲ್ಲಾ ಹಬ್ಬಿತ್ತು. ಯಾವನೋ ಗುಮಾಸ್ತ ವಯಸ್ಸಿನ ಕಲಮನ್ನು ಸರಿಯಾಗಿ ತುಂಬಿದ್ದು ನಲವತ್ತು ವರ್ಷಗಳ ತರುವಾಯ ಫಲ ಕೊಟ್ಟಿತು.

1962ರಲ್ಲಿ ಅಮೆರಿಕದ ಎರಡು ತಂಡಗಳು ರುಬೆಲ್ಲಾ ವೈರಸ್ಸನ್ನು ಬೇರ್ಪಡಿಸಿದವು. 1964-65ರಲ್ಲಿ ಅಲ್ಲಿ ಬೇನೆ ಹಬ್ಬಿದಾಗ ಸುಮಾರು 20,000 ಕೂಸುಗಳು ಜನ್ಮದೋಷಗಳೊಡನೆ ಹುಟ್ಟಿದವು. 1969ರಲ್ಲಿ ಲಸಿಕೆ ಬಂತು. ಅಮೆರಿಕ ಖಂಡಗಳು 2015ರಲ್ಲಿ ರುಬೆಲ್ಲಾಮುಕ್ತವೆಂದು ಘೋಷಿತವಾದವು. ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ 2017ರ ಫೆಬ್ರವರಿಯಲ್ಲಿ ಆರಂಭವಾಯಿತು; ಮೊದಲ ಸುತ್ತಿನ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದೆಂಬುದು ಹೆಮ್ಮೆಯ ಸಂಗತಿ.

ಗರ್ಭದ ಮೊದಲ ಮೂರು ತಿಂಗಳಲ್ಲಿ ಅಪಾಯ ಅತಿ ಹೆಚ್ಚು. ಹುಟ್ಟಿದ ಕೂಸಿನಲ್ಲಿ ಸೋಂಕನ್ನು ರಕ್ತಪರೀಕ್ಷೆಯಿಂದ ಗುರುತಿಸಬಹುದು. ಪೊರೆಗೆ, ಹೃದಯದ ದೋಷಕ್ಕೆ ಶಸ್ತ್ರಚಿಕಿತ್ಸೆಯುಂಟು, ಕಿವಿಗೆ ಶ್ರವಣಯಂತ್ರವುಂಟು; ಆದರೆ ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ. ಇಂಥ ಕೂಸಿನಿಂದ ಒಂದು ವರ್ಷದವರೆಗೂ ಸೋಂಕು ಹರಡಬಹುದಾದ್ದರಿಂದ ಬಸುರಿಯರು ದೂರವಿರಬೇಕು. ಲಸಿಕೆಯನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ. ಹಾಕಿಸಿಕೊಂಡ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು. ಆದ್ದರಿಂದ ಎಚ್ಚರಿಕೆ ಬಹಳ ಮೊದಲೇ ಬೇಕು. ಮಗುವಿಗೆ 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು, ಹೀಗೆ ಎರಡು ಸಲ ಲಸಿಕೆ ಹಾಕಿಸಬೇಕು.

ಊರೂರಿಗೆ ವರ್ಗವಾಗುವ ನಮ್ಮಂಥವರಿಗೆ ಇನ್ನೊಂದು ಮಾತು. ಒಮ್ಮೆ ಹೀಗೆ ವರ್ಗವಾದಾಗ ಪಾತ್ರೆಪಗಡ ಒಂದೂ ಕಳೆಯದೆ ಬಂತು; ಮಗಳ ಲಸಿಕೆಯ ಚೀಟಿ ಮಾತ್ರ ಕಳೆಯಿತು. ಕಚೇರಿಯ ಕಡತ ಜೋಪಾನ ಮಾಡುವವನು ಮನೆಯ ಚೀಟಿ ಕಳೆದನೆಂದು ಮನೆಯಾಕೆ ಈಗಲೂ ಹಂಗಿಸುವುದುಂಟು. ವೈದ್ಯರು, ಮತ್ತೊಮ್ಮೆ ಹಾಕಿಸಿದರೆ ಹಾನಿಯಿಲ್ಲವೆಂದು ಹೇಳಿ ಹಾಕಿದರು. ಗ್ರೆಗ್ಗರಿಗೆ ದಾರಿ ತೋರಿದ್ದು ತಾಯಂದಿರ ನೆನಪು, ಲ್ಯಾಂಕಾಸ್ಟರರಿಗೆ ದಫ್ತರದ ಸಾಲು. ನಮ್ಮ ಮನೆಗಳಲ್ಲೂ ಅವೆರಡೂ ಜೋಪಾನವಾಗಿರಲಿ.