ಕಲ್ಲಿಗೂ ಒಂದು ಊರುಂಟು

ಹುನಗುಂದ, ಬಾದಾಮಿ ಸೀಮೆಗಳಲ್ಲಿ ತಿರುಗಾಡಿದವರಿಗೆ ವೀರಗಲ್ಲು ಅಪರಿಚಿತವಲ್ಲ. ಊರಗಸಿಯ ಮಗ್ಗುಲಲ್ಲಿ ನಿಂತದ್ದು, ಹನುಮಪ್ಪನ ಗುಡಿಕಟ್ಟೆಗೆ ಒರಗಿದ್ದು, ಹೊಲದ ಒಡ್ಡಿನಲ್ಲಿ ಅರ್ಧ ಹೂತುಹೋದದ್ದು, ಹೀಗೆ ಅವು ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ವೀರ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದಿ ಬಿದ್ದವನು, ಹೆಂಗಸರ ಮಾನ ಕಾಯಲು ಹೋರಿ ಮಡಿದವನು, ಇವರೇ ಈ ಕಲ್ಲುಗಳ ನಾಯಕರು. ಅರಸರ ಚರಿತ್ರೆ ತಾಮ್ರಪಟಗಳಲ್ಲಿ ಉಳಿದರೆ, ಊರವರ ಚರಿತ್ರೆ ಉಳಿದಿರುವುದು ಇಲ್ಲಿ.

ಇಂಥ ಕಲ್ಲನ್ನು ಕಾಪಾಡುವುದು ಹೇಗೆ? ಒಂದೆಡೆ ತಂದು ಕೂಡಿಡುವುದು ಸುಲಭದ ಉತ್ತರ. ಬಾದಾಮಿಯಲ್ಲಿ 1979ರಲ್ಲಿ ಆರಂಭವಾದ ಶಿಲ್ಪಸಂಗ್ರಹ 1982ರಲ್ಲಿ ವಸ್ತುಸಂಗ್ರಹಾಲಯವಾಯಿತು, ಐಹೊಳೆಯದು 1987ರಲ್ಲಿ. ಈ ಎರಡೂ ಕಡೆ ಶಿಲ್ಪಗಳನ್ನು ಬಯಲಿನಲ್ಲಿಯೂ ನಿಲ್ಲಿಸಿದ್ದಾರೆ. ಇದರಿಂದ ಉಪಕಾರವಾಗಿರುವುದರಲ್ಲಿ ಸಂದೇಹವಿಲ್ಲ. ಬಟ್ಟೆ ಒಗೆಯುವ ಹಾಸುಗಲ್ಲಾಗಿಯೋ ಕಟ್ಟಡದ ಪಾಯಕ್ಕಾಗಿಯೋ ಸವೆದುಹೋಗಬಹುದಾಗಿದ್ದ ಕಲ್ಲು ಬದುಕಿತಲ್ಲ!

ಇದೇ ಪ್ರಶ್ನೆ ದೂರದ ಅಲಾಸ್ಕಾದಲ್ಲಿಯೂ ಎದ್ದಿತ್ತು. ಅಲ್ಲಿಯ ಟ್ಲಿಂಗಿಟ್ ಮತ್ತು ಹೈದಾ ಜನ ದೇವದಾರು ಜಾತಿಯ ಮರದ ಎತ್ತರವಾದ ಕಂಬಗಳಲ್ಲಿ ಕಾಗೆ, ಹದ್ದು, ಕರಡಿ ಮೊದಲಾದ ಕುಲಲಾಂಛನಗಳನ್ನು ಕೆತ್ತಿ, ಮನೆತನದ ಹಿರಿಮೆಯನ್ನೂ ಸತ್ತವರ ನೆನಪನ್ನೂ ನಿಲ್ಲಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗವರ್ನರ್ ಜಾನ್ ಬ್ರೇಡಿ ಅಂಥ ಕೆಲವನ್ನು ಆ ಜನರಿಂದ ಪಡೆದು, 1904ರ ಸೇಂಟ್ ಲೂಯಿ ಪ್ರದರ್ಶನದಲ್ಲಿ ಇರಿಸಿ, ಆಮೇಲೆ ಸಿಟ್ಕಾ ಊರಿನ ವನದಲ್ಲಿ ನಡೆಸಿದನು. ಆದರೆ ಮಳೆಯ ನಾಡು ಅದು. ಮರ ಕೊಳೆಯದೆ ಇದ್ದೀತೆ? ಕಂಬ ಬಿದ್ದರೆ ಬಿದ್ದಲ್ಲಿಯೇ ಮಣ್ಣಾಗಲಿ ಎಂಬುದು ಹಳಬರ ರೂಢಿ; ಉಳಿಯಬೇಕು ಎಂಬುದು ವನದವರ ಆಸೆ. 1930ರ ದಶಕದ ಕೊನೆಯಲ್ಲಿ ಅಲ್ಲಿಯ ಕುಶಲಿಗರನ್ನೇ ಕರೆಸಿ ಶಿಥಿಲವಾದ ಕಂಬಗಳ ಪ್ರತಿಗಳನ್ನು ಕೆತ್ತಿಸಿದರು. ಮರ ಹೋದರೂ ಕೆತ್ತುವ ಕೈ ಉಳಿಯಿತು.

ನಮ್ಮ ಕಷ್ಟ ಇದಕ್ಕೆ ವಿಪರೀತವಾದುದು. ನಮ್ಮಲ್ಲಿ ಕಲ್ಲು ಉಳಿಯುತ್ತದೆ, ನೆನಪು ಕೊಳೆಯುತ್ತದೆ.

ಆತಕೂರಿನ ಪ್ರಸಿದ್ಧ ಕಲ್ಲನ್ನೇ ನೋಡಿ. ಕ್ರಿ.ಶ. 949-50ರ ಕಾಲದ್ದು. ಗಂಗರ ಬೂತುಗನಿಂದ ಮಣಲೇರ ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆ ನಾಯಿಗಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ. ಅಕ್ಷರಗಳು ಉಳಿದವು, ನಾಯಿ ಹಂದಿಗಳ ಚಿತ್ರ ಉಳಿಯಿತು. ಆದರೆ ಆ ಗೊರವನೆಲ್ಲಿ, ಆ ಗುಡಿಯ ಅಂಗಳವೆಲ್ಲಿ? ಕಲ್ಲು ತನ್ನ ಊರಿಗೆ ವಹಿಸಿದ್ದ ಕರ್ತವ್ಯ ಮಾತ್ರ ಜೊತೆಯಲ್ಲಿ ಬರಲಿಲ್ಲ.

ಬೇರೊಂದು ದಾರಿಯೂ ಉಂಟೆಂಬುದಕ್ಕೆ ಹೆಬ್ಬಾಳ ಸಾಕ್ಷಿ. 2018ರಲ್ಲಿ ಅಲ್ಲಿ ಚರಂಡಿಯ ಕೆಲಸದ ಎಡೆಯಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದನ್ನು ದೂರ ಸಾಗಿಸದೆ ಅಲ್ಲಿಯೇ ಮಂಟಪ ಕಟ್ಟಿ ನಿಲ್ಲಿಸುವ ಹೊಣೆಯನ್ನು ಸ್ಥಳೀಯರೂ ಶಾಸನಾಸಕ್ತರೂ ಹೊತ್ತರು. ಸಾವಿರದಿನ್ನೂರು ವರ್ಷಗಳ ಹಿಂದೆ ಸತ್ತವನು ಮತ್ತೆ ಹೆಬ್ಬಾಳದವನೇ ಆದನು.

ಈ ಮಾತು ನಮ್ಮ ಸೀಮೆಗೆ ಇಂದು ಮುಖ್ಯವಾದುದು. ರಾಮಥಾಳ-ಮರೋಳ ಹನಿ ನೀರಾವರಿಗಾಗಿ ಸಾವಿರಾರು ಎಕರೆ ಹೊಲಗಳಲ್ಲಿ ನೆಲ ಅಗೆದು ಕೊಳವೆ ಹೂಳಿದ್ದಾರೆ. ನೀರು ಬರಲಿ, ಬೆಳೆ ಬರಲಿ; ಬೇಡವೆನ್ನುವವರು ಯಾರು? ಆದರೆ ಗುದ್ದಲಿಗೋ ಯಂತ್ರಕ್ಕೋ ಹಳೆಯ ಕಲ್ಲೊಂದು ಎದುರಾದರೆ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಅದನ್ನು ಒಡೆಯಬಾರದು, ಬಣ್ಣ ಬಳಿಯಬಾರದು. ಪ್ರಾಚ್ಯವಸ್ತು ಇಲಾಖೆಗೆ ತಿಳಿಸಬೇಕು. ಊರಲ್ಲಿಯೇ ನಿಲ್ಲಿಸಲು ಸಾಧ್ಯವಾದರೆ ಅದೇ ಮೇಲು. ಸಾಗಿಸಲೇಬೇಕಾದರೆ ಊರಿನ ಹೆಸರು, ಹೊಲದ ಸರ್ವೆ ನಂಬರು, ಮುಖ ಮಾಡಿದ್ದ ದಿಕ್ಕು, ಆ ಕಲ್ಲನ್ನು ಕುರಿತು ಮುದುಕರು ಹೇಳುವ ಕಥೆ ಇವಿಷ್ಟನ್ನೂ ಬರೆದು ಕಲ್ಲಿನ ಜೊತೆಗೇ ಕಳಿಸಬೇಕು.

ತರಗತಿಯಲ್ಲಿ ಶಾಸನಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ: ನಿಮ್ಮ ಊರಿನ ಕಲ್ಲುಗಳನ್ನು ಎಣಿಸಿ ಬನ್ನಿ, ಅವು ಎಲ್ಲಿ ನಿಂತಿವೆ ಎಂದು ಬರೆದು ತನ್ನಿ. ಹೆಸರೇ ಇಲ್ಲದ ವೀರ ಅಲ್ಲಿ ಸಿಗುವುದುಂಟು. ಹೆಸರನ್ನು ಕಾಲ ಒರೆಸಿತು. ನಿಂತ ನೆಲವನ್ನಾದರೂ ನಾವು ಒರೆಸದಿದ್ದರೆ, ಯಾವ ಊರಿಗಾಗಿ ಅವನು ಸತ್ತನೆಂಬುದಷ್ಟು ಉಳಿದೀತು.